ಬಲ್ಬು ಉರಿಯುವ ಕಪಾಟು

"ಯಾರು? ಯಾರು ಇದನ್ನ ಒಣಗಿಸಿದ್ದು?"

ನಿನ್ನೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಸೌಮ್ಯ ಹೀಗೆ ಕಿರುಚಿದ್ದು ಕೇಳಿ, ಠಾಣೆಯ ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಪೇದೆ ಗಡಬಡಿಸಿ ಎದ್ದು ಟೋಪಿ ಹುಡುಕತೊಡಗಿದ. ಸಬ್ ಇನ್‌ಸ್ಪೆಕ್ಟರ್ ಮೇಘಶ್ರೀ ಮಾತ್ರ ಕುರ್ಚಿಯಿಂದ ಅಲುಗಲಿಲ್ಲ.

ಕೊಲೆ ಮಾಡಿದ್ದು ನೀನೇ ಎಂದಾಗ ತುಟಿ ಬಿಚ್ಚದವಳು ಇವಳು. ಇವತ್ತು ಮಧ್ಯಾಹ್ನ ಕೋರ್ಟು, ಅಲ್ಲಿಂದ ಸೀದಾ ಜೈಲು ಎಂದಾಗಲೂ ಗೋಡೆ ನೋಡುತ್ತ ಕೂತವಳು. ಈಗ ಅಂಗೈಯಗಲದ ಒಂದು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ತನ್ನ ಕೂಸನ್ನು ಯಾರೋ ಬಡಿದು ಹಾಕಿದಂತೆ ಆಡುತ್ತಿದ್ದಾಳೆ.

"ನಾಟಕ ಬೇಡ," ಎಂದಳು ಮೇಘಶ್ರೀ. "ಇದು ಸಿಕ್ಕಿದ್ದು ನಿನ್ನ ರೂಮಿನ ಹಾಸಿಗೆ ಕೆಳಗೆ. ಒಣಗಿಸಿದ್ದೂ ನೀನೇ ಇರ್ಬೇಕು."

"ನಾನಾ? ಎರಡು ವರ್ಷ ಸಾಕಿದೀನಿ ಮೇಡಂ ಇವನ್ನ. ಕುಮಾರ್ ಸತ್ತ, ನೀವು ನನ್ನ ಹಿಡ್ಕೊಂಡು ಬಂದ್ರಿ, ಸುಮ್ನಿದ್ದೆ. ಏನು ಹೇಳಿದ್ರೂ ನಂಬೋ ಮುಖ ಅಲ್ಲ ನಿಮ್ದು. ಆದ್ರೆ ಇವನ್ನ ಒಣಗಿಸಿದ್ದು ನಾನು ಅಂತ ಮಾತ್ರ ಹೇಳ್ಬೇಡಿ. ಬೇಕಿದ್ರೆ ಕೊಲೆಗಾತಿ ಅಂತ್ಲೇ ಬರ್ಕೊಳ್ಳಿ!"

ಮೇಘಶ್ರೀಗೆ ಮೈಯೆಲ್ಲ ಉರಿಯಿತು. ನನ್ನ ಮುಖ ಹೇಗಿದ್ದರೆ ಇವಳಿಗೇನು? ಆದರೆ ಆ ಸಿಟ್ಟಿನ ಬೆನ್ನಿಗೇ ಒಂದು ಅನುಮಾನವೂ ಬಂದು ನಿಂತಿತು.

ಕಳೆದ ಗುರುವಾರ ಸಂಜೆ, ಜಾವಳಿಯ ಹತ್ತಿರ ಏಕಾಂತಪ್ಪನವರ ಎಸ್ಟೇಟಿನಲ್ಲಿರುವ ಲ್ಯಾಬಿನೊಳಗೆ ಸೌಮ್ಯಳ ಸಹೋದ್ಯೋಗಿ ಕುಮಾರ್ ಉಸಿರುಗಟ್ಟಿ ಸತ್ತಿದ್ದ. ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ನೈಟ್ರೋಜನ್ ಕ್ಯಾನನ್ನು ಕಿಟಕಿಯಿಲ್ಲದ ಪುಟ್ಟ ಕೋಣೆಯೊಳಗೆ ಯಾರೋ ಉರುಳಿಸಿ, ಅವನನ್ನು ಒಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿದ್ದರು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ವೆಂಕಟೇಶ ಅವತ್ತು ಮಂಗಳೂರಿನಲ್ಲಿದ್ದೆ ಎಂದಿದ್ದರು. ಉಳಿದವಳು ಸೌಮ್ಯ. ಬೇಗ ರೂಮಿಗೆ ಹೋದೆ ಎಂಬ ಅವಳ ಮಾತಿಗೆ ಸಾಕ್ಷಿಯಿರಲಿಲ್ಲ. ನಿನ್ನೆ ಹೆಸರು ಹೇಳದ ಯಾರೋ ಫೋನ್ ಮಾಡಿದರು, ಲ್ಯಾಬಿನಿಂದ ಕಾಣೆಯಾಗಿದ್ದ ಡಬ್ಬಿ ಅವಳ ಹಾಸಿಗೆಯ ಕೆಳಗೆ ಸಿಕ್ಕಿತು. ಮೇಲಧಿಕಾರಿಗಳ ಮಟ್ಟಿಗೆ ಕತೆ ಮುಗಿದಿತ್ತು.

"ಒಣಗಿದ್ರೆ ಏನಾಗ್ತದೆ?" ಮೇಘಶ್ರೀ ಕೇಳಿದಳು.

"ಒಂದು ಲೋಟ ಹಾಲು ತರಿಸಿ, ತೋರಿಸ್ತೀನಿ."

"ಹಾಲು ಕುಡಿಯೋಕೆ ಬೀಗರ ಮನೆಗೆ ಬಂದಿದೀಯಾ?"

"ಕುಡಿಯೋಕಲ್ಲ. ನಿಮ್ಮ ಕಣ್ಣು ತೆರೆಸೋಕೆ."

ಎದುರಿನ ಹೋಟೆಲಿನಿಂದ ಹಾಲು ಬಂತು. ಸಾಕ್ಷ್ಯದ ಡಬ್ಬಿಯಿಂದ ಒಂದು ಬಿಲ್ಲೆಯನ್ನು ಆರೋಪಿಯ ಕೈಗೆ ಕೊಟ್ಟದ್ದು ಡಿವೈಎಸ್ಪಿ ಗುರುವಯ್ಯನವರಿಗೆ ಗೊತ್ತಾದರೆ ಚರ್ಮ ಸುಲಿಯುತ್ತಿದ್ದರು. ಗೊತ್ತಾದಾಗ ನೋಡಿಕೊಳ್ಳೋಣ ಎಂದು ಮೇಘಶ್ರೀ ಕೊಟ್ಟಳು.

ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬಿಲ್ಲೆ. ಸೌಮ್ಯ ಅದನ್ನು ಖಾಲಿ ಗ್ಲಾಸಿನ ಬಾಯಿಗೆ ಅಡ್ಡ ಇಟ್ಟು ಮೇಲೆ ಒಂದು ಹನಿ ಹಾಲು ಬಿಟ್ಟಳು. ಸ್ವಲ್ಪ ಹೊತ್ತಿಗೆ ಕೆಳಬದಿಯಲ್ಲಿ ಬೆಳ್ಳಗೆ ಒಂದು ಹನಿ ಜಿನುಗಿ, ಗ್ಲಾಸಿನ ತಳಕ್ಕೆ ಬಿತ್ತು.

"ನೋಡಿದ್ರಾ? ಚೆನ್ನಾಗಿದ್ದಿದ್ರೆ ಹಾಲು ಮೇಲೇ ನಿಲ್ಬೇಕಿತ್ತು. ಇದು ಜರಡಿ ಮೇಡಂ. ಒಂದು ಕೂದಲಿನ ದಪ್ಪದೊಳಗೆ ಸಾವಿರ ತೂತು ಸಾಲಾಗಿ ಕೂರ್ತವೆ, ಅಷ್ಟು ಸಣ್ಣ ತೂತಿನ ಪೊರೆ. ಇಂಥ ಎರಡರ ನಡುವೆ ಇನ್ಸುಲಿನ್ ಮಾಡೋ ಜೀವಕೋಶ ತುಂಬಿ ಚರ್ಮದ ಕೆಳಗೆ ಇಡ್ತೀವಿ. ಸಕ್ಕರೆ ಒಳಗೆ ಹೋಗುತ್ತೆ, ಇನ್ಸುಲಿನ್ ಹೊರಗೆ ಬರುತ್ತೆ. ಹೊರಗಿಂದ ಬಂದೋರು ಅಂತ ಕೊಲ್ಲೋಕೆ ಬರೋ ರಕ್ತದ ಪೊಲೀಸರಿಗೆ ಮಾತ್ರ ಒಳಗೆ ನುಗ್ಗೋಕಾಗಲ್ಲ."

ಪೊಲೀಸರು ಎಂಬ ಮಾತನ್ನು ಅವಳು ಹಲ್ಲು ಕಚ್ಚಿಯೇ ಹೇಳಿದಳು. ಮೇಘಶ್ರೀ ಅದನ್ನು ಹೊಟ್ಟೆಗೆ ಹಾಕಿಕೊಂಡಳು.

"ಒಣಗಿದ್ರೆ?"

"ತೂತು ಕುಸಿಯುತ್ತೆ, ಪೊರೆ ಬಿರಿಯುತ್ತೆ. ಆಮೇಲೆ ಕೆರೇಲಿ ಮುಳುಗಿಸಿಟ್ರೂ ಬದುಕಲ್ಲ. ಮಾಡಿದ ದಿನದಿಂದ ಇದು ನೀರಲ್ಲೇ ಇರ್ಬೇಕು. ಲ್ಯಾಬಿಗೆ ಬಂದೋರಿಗೆ ಮೊದಲ ದಿನದ ಪಾಠವೇ ಇದು. ನಾನು, ಕುಮಾರ್, ವೆಂಕಟೇಶ್ ಸರ್, ಯಾರು ನೋಡಿದ್ರೂ ಒಂದೇ ನೋಟಕ್ಕೆ ಹೇಳ್ತೀವಿ, ಇದು ಸತ್ತಿದೆ ಅಂತ." ಅವಳ ದನಿ ಒಡೆಯಿತು. "ಕುರಿಗಳಲ್ಲಿ ಕೆಲಸ ಮಾಡಿದ್ದು ಇದೊಂದೇ ಬ್ಯಾಚು. ಮತ್ತೆ ಮಾಡೋಕೆ ಕುಮಾರನೂ ಇಲ್ಲ."

ಮೇಘಶ್ರೀ ಇನ್ನೊಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದಳು. ಒಂದು ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು, ದೋಸೆಯ ಅಂಚು ಹೆಚ್ಚು ಕಾದ ಹಾಗೆ. ಬಿಸಿಲಿಗೆ ಇಟ್ಟಿದ್ದರೆ ಪೂರ್ತಿ ಬಿಲ್ಲೆ ಒಂದೇ ಥರ ಇರುತ್ತಿತ್ತು. ಅಲ್ಲದೆ ಬಿಸಿಲೆಲ್ಲಿತ್ತು? ಜೂನ್‌ನಿಂದ ಬಟ್ಟೆ ಒಣಗಿದ್ದಿಲ್ಲ ಈ ತಾಲ್ಲೂಕಿನಲ್ಲಿ.

ಡಬ್ಬಿಯನ್ನು ಮೂಗಿನ ಹತ್ತಿರ ತಂದಳು. ನುಸಿಗುಳಿಗೆಯ ವಾಸನೆ.

ಮೇಘಶ್ರೀ ಕಳಸದಲ್ಲಿ ಹುಟ್ಟಿ ಬೆಳೆದವಳು. ಆ ವಾಸನೆ, ಆ ಒಂದು ಬದಿಯ ಕಾವು ಎರಡೂ ಒಟ್ಟಿಗೆ ಎಲ್ಲಿರುತ್ತವೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಗಾಲ ಹಿಡಿಯಿತೆಂದರೆ ಈ ಬೆಟ್ಟಗಳಲ್ಲಿ ರೇಷ್ಮೆ ಸೀರೆಗೆ, ಚಪ್ಪಲಿಗೆ, ಗೋಡೆಯ ಫೋಟೋದ ಮುಖಕ್ಕೆ, ಕೊನೆಗೆ ದೇವರ ಪಟಕ್ಕೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಅನುಕೂಲವಿದ್ದ ಮನೆಗಳಲ್ಲಿ ಒಂದು ಕಪಾಟಿನೊಳಗೆ ಹಗಲು ರಾತ್ರಿ ಬಲ್ಬು ಉರಿಯುತ್ತಿರುತ್ತದೆ. ಬೆಲೆಬಾಳುವುದೆಲ್ಲ ಅದರೊಳಗೆ ಹೋಗುತ್ತದೆ. ಅಮ್ಮ ಅವಳ ಹತ್ತನೇ ತರಗತಿಯ ಅಂಕಪಟ್ಟಿಯನ್ನೂ ಅಲ್ಲೇ ಇಟ್ಟಿದ್ದರು.

ಸೌಮ್ಯ ಚಳ್ಳಕೆರೆಯ ಕಡೆಯವಳು. ನಿನ್ನೆ ಅವಳ ಬಾಡಿಗೆ ರೂಮು ಜಾಲಾಡಿದಾಗ ಸೂಟ್‌ಕೇಸಿನಲ್ಲಿದ್ದ ಚೂಡಿದಾರಗಳಿಗೆಲ್ಲ ಬಿಳಿ ಬೂಷ್ಟು ಮೆತ್ತಿಕೊಂಡಿತ್ತು. ಪಾಪ, ಬಲ್ಬಿನ ಸಂಗತಿ ಅವಳಿಗೆ ಗೊತ್ತೇ ಇಲ್ಲ.

ಪೊರೆಯ ವಿಷಯ ಬಲ್ಲವರು ಇದನ್ನು ಒಣಗಿಸುವುದಿಲ್ಲ. ಒಣಗಿಸಿದವರು ಈ ಬೆಟ್ಟದವರು, ಮತ್ತು ಪೊರೆಯ ಗಂಧಗಾಳಿ ಇಲ್ಲದವರು.

ಫೋನಿನಲ್ಲಿ ಗುರುವಯ್ಯನವರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

"ಏನ್ರೀ, ವಾಸನೆ ಹಿಡಿಯೋಕೆ ಡಿಪಾರ್ಟ್‌ಮೆಂಟಲ್ಲಿ ನಾಯಿ ಇಟ್ಟಿದೀವಿ. ನಿಮಗೆ ಸಂಬಳ ಕೊಡೋದು ಅದಕ್ಕಲ್ಲ."

"ಸರ್, ಒಂದು ದಿನ ಟೈಮ್ ಕೊಡಿ. ಆ ಹುಡುಗಿ ಮಾಡಿಲ್ಲ."

"ಊಟ ಆದ ಮೇಲೆ ಅವಳು ಕೋರ್ಟಲ್ಲಿರ್ಬೇಕು. ಇನ್ನೊಂದು ಮಾತು, ಏಕಾಂತಪ್ಪನವರ ಮನೆ ಕಡೆ ತಲೆ ಹಾಕಿದ್ರೋ, ನಿಮ್ಮ ಟ್ರಾನ್ಸ್‌ಫರ್ ಆರ್ಡರ್ ನಾನೇ ನಿಂತು ಟೈಪ್ ಮಾಡಿಸ್ತೀನಿ."

ಅವರಿಗೆ ಏಕಾಂತಪ್ಪನವರ ಮನೆ ಹೇಗೆ ನೆನಪಾಯಿತೋ! ಮೇಘಶ್ರೀ ಆ ಹೆಸರನ್ನೇ ಎತ್ತಿರಲಿಲ್ಲ. ಆದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದೂ ಅದೇ ಮನೆ. ಈಗಿನ ಎಲ್ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಹಳೆಯ ಹಳದಿ ಬಲ್ಬುಗಳನ್ನು ಜೋಪಾನವಾಗಿ ಕೂಡಿಟ್ಟುಕೊಂಡ ಮನೆಗಳು ಈಗ ಬೆರಳೆಣಿಕೆಯಷ್ಟು. ಶುಕ್ರವಾರ ಹೇಳಿಕೆ ಪಡೆಯಲು ಆ ಬಂಗಲೆಗೆ ಹೋಗಿದ್ದಾಗ, ಒಳಕೋಣೆಯ ಕಪಾಟಿನ ಸಂದಿಯಲ್ಲಿ ಹಳದಿ ಬೆಳಕಿನ ಗೆರೆಯೊಂದನ್ನು ಅವಳು ಕಂಡಿದ್ದಳು. ಆಗ ಅದು ಬರೀ ಕಪಾಟಾಗಿತ್ತು.

ವರ್ಗಾವಣೆ ಆದರೆ ಆಗಲಿ ಎಂದುಕೊಂಡು ಜೀಪು ಹತ್ತಿದಳು.

ಎಸ್ಟೇಟಿನ ಗೇಟಿನಲ್ಲಿ ಅಲ್ಲಿನ ಲೆಕ್ಕ ಬರೆಯುವ ರೈಟರ್ ತಮ್ಮಯ್ಯ ಕೊಡೆ ಊರಿಕೊಂಡು ನಿಂತಿದ್ದ. ಗೇಟು ತೆಗೆಯುವ ಯೋಚನೆಯೇ ಅವನಿಗಿದ್ದಂತಿರಲಿಲ್ಲ.

"ಸಾಹುಕಾರ್ರು ಚಿಕ್ಕಮಗಳೂರಿಗೆ ಹೋಗಿದಾರೆ. ಅವ್ರಿಲ್ದಾಗ ಪೊಲೀಸ್ ಜೀಪು ಒಳಗೆ ಬಿಡೋದಿಲ್ಲ ನಾವು."

"ನಾನು ಬಂದಿದ್ದು ಸಾಹುಕಾರ್ರನ್ನ ನೋಡೋಕಲ್ಲ ಮಾರಾಯ್ರೆ. ಅಮ್ಮಾವ್ರನ್ನ."

"ಅಮ್ಮಾವ್ರು ಯಾರನ್ನೂ ನೋಡಲ್ಲ."

"ಹಾಗಾದ್ರೆ ನೀವೇ ಜೀಪು ಹತ್ತಿ. ಪೊಲೀಸರ ಕೆಲಸಕ್ಕೆ ಅಡ್ಡಿ ಮಾಡಿದ್ರಿ ಅಂತ ಕೇಸು ಹಾಕಿ, ಮೂಡಿಗೆರೆ ಬಸ್‌ಸ್ಟ್ಯಾಂಡಿನ ಮುಂದೆ ಇಳಿಸಿ, ಠಾಣೆ ತನಕ ನಡೆಸ್ಕೊಂಡು ಹೋಗ್ತೀನಿ."

ತಮ್ಮಯ್ಯ ಅವಳನ್ನು ನುಂಗುವ ಹಾಗೆ ನೋಡಿ ಗೇಟು ತೆಗೆದ.

ಏಕಾಂತಪ್ಪನವರ ಹೆಂಡತಿ ಬಸಮ್ಮ ಹಜಾರದಲ್ಲೇ ಇದ್ದರು. ಹಣೆಯಲ್ಲಿ ಎದ್ದು ಕಾಣುವ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮುಖದಲ್ಲಿ ಇಡೀ ಎಸ್ಟೇಟಿನ ಗತ್ತು. ಕುಳಿತುಕೊಳ್ಳಿ ಎನ್ನಲಿಲ್ಲ. ಕಾಫಿಯ ಮಾತಂತೂ ಬರಲೇ ಇಲ್ಲ. ಈ ಸೀಮೆಯಲ್ಲಿ ಗಡಿ ತಕರಾರಿನವನು ಬಂದರೂ ಮೊದಲು ಕಾಫಿ ಕೊಟ್ಟು ಆಮೇಲೆ ಜಗಳ ತೆಗೆಯುವುದು ವಾಡಿಕೆ. ಆ ಮಾತೇ ಬರಲಿಲ್ಲವೆಂದರೆ ಹೊರಗೆ ನಡಿ ಎಂದಂತೆಯೇ.

"ಎಂತಕ್ಕೆ ಬಂದ್ರಿ? ಕೊಂದವಳು ಸಿಕ್ಕಿದಾಳಲ್ಲ."

"ಸಿಕ್ಕಿದವಳು ಕೊಂದಿಲ್ಲ ಅಂತ ಅನ್ನಿಸ್ತಿದೆ ಅಮ್ಮ."

"ನಿಮಗೆ ಅನ್ನಿಸಿದ್ದಕ್ಕೆಲ್ಲ ನಮ್ಮನೆ ಮೆಟ್ಟಿಲು ತುಳೀಬೇಕಾ? ಆ ಲ್ಯಾಬು ಕಟ್ಟಿದ್ದು ನಮ್ಮ ಸುಪ್ರಿಯಾಗೋಸ್ಕರ. ಕಾಫಿ ಸ್ಟೋರು ಖಾಲಿ ಮಾಡಿ ಜಾಗ ಕೊಟ್ವಿ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಹೆಣ, ಪೊಲೀಸರು."

ಸುಪ್ರಿಯಾ ಅವರ ಮೊಮ್ಮಗಳು. ಅಪ್ಪ ಅಮ್ಮ ಕಳಸದ ಕಡೆಯ ಇನ್ನೊಂದು ಎಸ್ಟೇಟಿನಲ್ಲಿದ್ದರು, ಹುಡುಗಿ ಶಾಲೆಗೆಂದು ಅಜ್ಜಿಯ ಬಳಿ ಇದ್ದಳು. ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಂಡು, ಊಟಕ್ಕೊಮ್ಮೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗು. ಅದನ್ನು ನೆನೆದಾಗ ಮೇಘಶ್ರೀಗೂ ಸಂಕಟವಾಯಿತು. ಆದರೂ ಕೇಳಬೇಕಾದ್ದನ್ನು ಕೇಳದೆ ಹೋಗುವಂತಿರಲಿಲ್ಲ.

"ಒಳಗಿನ ಕಪಾಟು ಒಮ್ಮೆ ನೋಡ್ಬೇಕಿತ್ತು. ಬಲ್ಬು ಇರೋದು."

ಬಸಮ್ಮನವರ ಬಲಗೈ ಸೆರಗನ್ನು ಬಿಗಿಯಾಗಿ ಹಿಡಿಯಿತು. ಬಾಯಿ ಮಾತ್ರ ಜೋರಾಗಿಯೇ ಇತ್ತು.

"ನನ್ನ ಸೀರೆ ನೋಡೋಕೆ ನಿಮಗೆ ಕೋರ್ಟು ಆರ್ಡರ್ ಕೊಟ್ಟಿದ್ಯಾ? ತೋರಿಸಿ. ಇಲ್ದಿದ್ರೆ ಬಂದ ದಾರಿ ಹಿಡೀರಿ."

ಆರ್ಡರ್ ಇರಲಿಲ್ಲ. ಬೆದರಿಸಿದರೆ ಈ ಹೆಂಗಸು ಬಗ್ಗುವವರೂ ಅಲ್ಲ. ಮೇಘಶ್ರೀ ಬಾಗಿಲ ಕಡೆ ತಿರುಗಿದಳು, ಹೋಗುವವಳಂತೆ. ಹಾಗೇ ನಿಂತು, ಯಾರಿಗೋ ಹೇಳುವ ಹಾಗೆ ಹೇಳಿದಳು.

"ಕದ್ದವರು ಕದ್ಕೊಳ್ಳಲಿ. ಇಟ್ಕೊಳ್ಳೋಕಾದ್ರೂ ಬರ್ಬೇಕಿತ್ತು. ಸಾಮಾನು ಇಡೋಕೆ ಬರದವರ ಕೈಗೆ ಸಿಕ್ಕಿ ಎಲ್ಲ ಹಾಳಾಗಿ ಹೋಯ್ತು."

"ಯಾರಿಗೆ ಇಡೋಕೆ ಬರಲ್ಲ?"

ಬಸಮ್ಮ ಎದ್ದು ನಿಂತಿದ್ದರು.

"ಮದುವೆ ಆಗಿ ಬಂದಾಗಿಂದ ಈ ಮನೇಲಿ ಒಂದು ವಸ್ತುಗೂ ಬೂಷ್ಟು ಹಿಡಿಯೋಕೆ ಬಿಟ್ಟಿಲ್ಲ ನಾನು! ನಮ್ಮತ್ತೆ ಧಾರೆ ಸೀರೆ ಇನ್ನೂ ಹೊಸದಿದ್ದ ಹಾಗಿದೆ. ಒದ್ದೆ ಮಾಡಿ ಇಟ್ಟಿದ್ರು ಅದನ್ನ, ಒದ್ದೆ! ಡಬ್ಬಿ ತುಂಬ ನೀರು. ಈ ಹವಾಕ್ಕೆ ಎರಡು ದಿನದಲ್ಲಿ ಕೊಳೆತು ಹೋಗ್ತಿತ್ತು. ನೀರು ಚೆಲ್ಲಿ, ಹತ್ತಿ ಬಟ್ಟೇಲಿ ಒತ್ತಿ, ಬಲ್ಬಿನ ಪಕ್ಕ ಇಟ್ಟು ನಾನು ಉಳಿಸಿದ್ದು. ಮಾತಾಡ್ತಾಳೆ ಇವಳು."

ಹೇಳಿ ಮುಗಿದ ಮೇಲೆ ತಾನೇನು ಹೇಳಿದೆ ಎಂಬುದು ಅವರಿಗೆ ಹೊಳೆಯಿತು.

ಗೆದ್ದೆನೆಂಬ ಹಿಗ್ಗು ಮೇಘಶ್ರೀಗೆ ಆಗಲಿಲ್ಲ. ಅಷ್ಟು ಅಕ್ಕರೆಯಿಂದ ಮಾಡಿದ ಹಾಳು ಅದು. ಅವಳು ಚೀಲದಿಂದ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟಳು. ಡಬ್ಬಿ ಸಿಕ್ಕ ಸುದ್ದಿ ಇನ್ನೂ ಠಾಣೆಯ ಹೊರಗೆ ಹೋಗಿರಲಿಲ್ಲ.

ಬಸಮ್ಮನವರ ಕಣ್ಣು ಅದರ ಮೇಲೆ ಬಿತ್ತು. ಇಷ್ಟು ಹೊತ್ತು ಬೆಂಕಿಯಾಗಿದ್ದ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ಇದು ನಿಮ್ಮ ಹತ್ರ ಹ್ಯಾಗೆ ಬಂತು?"

"ಸೌಮ್ಯನ ಹಾಸಿಗೆ ಕೆಳಗೆ ಸಿಕ್ಕಿತು. ನಿನ್ನೆ."

"ಸಾಧ್ಯವೇ ಇಲ್ಲ. ಇದು ಡಾಕ್ಟ್ರ ಹತ್ರ ಇರ್ಬೇಕು. ಭಾನುವಾರ ನಾನೇ ಅವ್ರ ಕೈಗೆ ಕೊಟ್ಟೆ. ತೆಗೆದು ನೋಡಿ, ತುಂಬ ಚೆನ್ನಾಗಿ ಇಟ್ಟಿದೀರಿ ಅಮ್ಮ ಅಂದ್ರು."

ತುಂಬ ಚೆನ್ನಾಗಿ! ಒಂದೇ ನೋಟಕ್ಕೆ ಗೊತ್ತಾಗುತ್ತದೆ ಎಂದಿದ್ದಳು ಸೌಮ್ಯ. ಸತ್ತ ಪೊರೆಯೆಂದು ತಿಳಿದೇ ವೆಂಕಟೇಶ ಹಾಗೆ ಹೇಳಿದ್ದ. ಕೆಲಸಕ್ಕೆ ಬಾರದ ಡಬ್ಬಿಯನ್ನು ಅಮಾಯಕಳ ಹಾಸಿಗೆಯ ಕೆಳಗೆ ತೂರಿಸಲು ಅವನಿಗೇನು ಕಷ್ಟ?

"ನಿಮ್ಮ ಕೈಗೆ ಇದನ್ನ ಕೊಟ್ಟಿದ್ದು ಯಾರಮ್ಮ?"

ಬಸಮ್ಮ ಕುರ್ಚಿಗೆ ಕುಸಿದರು. ಗತ್ತು ಇಳಿದಿತ್ತು, ಹಟ ಇನ್ನೂ ಇಳಿದಿರಲಿಲ್ಲ.

"ನಾವು ಕದ್ದಿಲ್ಲ. ಸುಪ್ರಿಯಾ ದಿನಾ ಶಾಲೆ ಬಿಟ್ಟು ಲ್ಯಾಬಿಗೆ ಹೋಗ್ತಿದ್ಲು. ಗುರುವಾರ ಕುಮಾರನೇ ಇದನ್ನ ಅವಳ ಕೈಲಿ ಕೊಟ್ಟು, ಅಜ್ಜಿಗೆ ಕೊಡು, ಡಾಕ್ಟ್ರಿಗೆ ಮಾತ್ರ ಕೊಡ್ಬೇಡಿ ಅಂದನಂತೆ."

"ಎಂತಕ್ಕೆ?"

"ಡಾಕ್ಟ್ರು ಇದನ್ನ ಸುಪ್ರಿಯಾಗೆ ಗುಟ್ಟಾಗಿ ಹಾಕ್ತೀನಿ ಅಂದಿದ್ರು. ಆ ಹುಡುಗ, ಪರ್ಮಿಶನ್ ಇಲ್ಲ, ಮಗುಗೆ ಅಪಾಯ ಅಂತ ಅಡ್ಡ ನಿಂತಿದ್ದ. ಊರಿಗೆ ಉಪದೇಶ ಮಾಡೋನು! ಚುಚ್ಚಿಸ್ಕೊಳ್ಳೋದು ಅವನಾ?"

"ಸುಪ್ರಿಯಾ ಬರುವಾಗ ಲ್ಯಾಬಲ್ಲಿ ಇನ್ಯಾರಿದ್ರು?"

ಬಸಮ್ಮ ಮುಖ ತಿರುಗಿಸಿದರು. ಮೇಘಶ್ರೀ ಅವರ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತಳು.

"ಅಮ್ಮ, ಒಂದು ಹೆಣ್ಣುಮಗಳು ಇವತ್ತು ಜೈಲಿಗೆ ಹೋಗ್ತಾಳೆ. ಹೇಳಿ."

"ಇವಳು ಹೊರಗೆ ಬರ್ತಿದ್ದಾಗ ಡಾಕ್ಟ್ರು ಒಳಗೆ ಹೋದ್ರಂತೆ. ಇವಳು ನೋಡಿದ್ಲು. ಅವ್ರು ಇವಳನ್ನ ನೋಡ್ಲಿಲ್ಲ."

ಮಂಗಳೂರಿನಲ್ಲಿದ್ದೆ ಎಂದ ಡಾಕ್ಟರು. ಸೌಮ್ಯಳನ್ನು ಉಳಿಸುವ ಸಾಕ್ಷಿ ಕೊನೆಗೂ ಸಿಕ್ಕಿತ್ತು. ಆದರೆ ಮೇಘಶ್ರೀ ಅಲ್ಲಿಗೇ ನಿಲ್ಲಿಸಲಿಲ್ಲ.

"ಅವರು ನೋಡಿಲ್ಲ ಅಂದ್ರೆ, ಸುಪ್ರಿಯಾ ನೋಡಿದ್ದು ಅವರಿಗೆ ಗೊತ್ತಿಲ್ಲ. ಅಲ್ವಾ?"

ಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಭಾನುವಾರ ನಾನೇ ಹೇಳಿದೆ. ಮಗು ನಿಮ್ಮನ್ನ ನೋಡಿದಾಳೆ, ಆದ್ರೂ ನಾವು ಬಾಯಿ ಬಿಡಲ್ಲ, ಮೊದಲು ಅವಳಿಗೆ ಇದನ್ನ ಹಾಕಿ ಗುಣ ಮಾಡಿ ಅಂತ. ನಮ್ಮನೆಯವ್ರಿಗೂ ಹೇಳಿಲ್ಲ. ಸತ್ತೋನು ಎದ್ದು ಬರ್ತಾನಾ? ಬದುಕಿರೋ ಮಗುನ ನೋಡ್ಬೇಕಲ್ಲ ನಾನು!"

"ಸುಪ್ರಿಯಾ ಎಲ್ಲಿ?"

"ಬೆಳಿಗ್ಗೆ ಕರ್ಕೊಂಡು ಹೋದ್ರು. ಕುದುರೆಮುಖದ ಕಡೆ. ಅಲ್ಲಿ ಯಾರದ್ದೋ ಖಾಲಿ ಮನೇಲಿ ಆಪರೇಷನ್‌ಗೆ ಎಲ್ಲ ಸಿದ್ಧ ಮಾಡಿದಾರಂತೆ. ಗುಟ್ಟಾಗಿ ಆಗ್ಬೇಕಲ್ಲ, ಅದಕ್ಕೆ ಅಷ್ಟು ದೂರ. ನಾನೂ ಬರ್ತೀನಿ ಅಂದೆ, ಬೇಡ ಅಂದ್ರು."

ಗಣಿ ನಿಂತ ಮೇಲೆ ಜನ ಬಿಟ್ಟು ಹೋದ ಊರು. ಸಾಲು ಸಾಲು ಖಾಲಿ ಮನೆಗಳು. ದಾರಿಯುದ್ದಕ್ಕೂ ಕಾಡು. ಫೋನಿಗೆ ಸಿಗ್ನಲ್ ಸಿಕ್ಕರೆ ಪುಣ್ಯ.

ಮೇಘಶ್ರೀ ಡಬ್ಬಿಯ ಕಡೆ ಕೈ ತೋರಿಸಿದಳು. ದನಿ ಏರಿಸಬಾರದೆಂದು ಎಷ್ಟು ಬಿಗಿಹಿಡಿದರೂ ಏರಿತು.

"ಹಾಕೋ ಸಾಮಾನು ಇಲ್ಲಿದೆಯಮ್ಮ. ಅದೂ ಸತ್ತಿದೆ. ಅವನ ಹತ್ರ ಬೇರೆ ಇಲ್ಲ. ಮತ್ತೆ ಅವಳ ಮೈಯೊಳಗೆ ಏನಿಡ್ತಾನೆ ಅವನು?"

ಬಸಮ್ಮ ಡಬ್ಬಿಯನ್ನೇ ನೋಡುತ್ತಿದ್ದರು.

"ಇನ್ಸುಲಿನ್ ತಗೊಂಡು ಹೋಗಿದಾಳಾ? ಅದನ್ನಾದ್ರೂ ಹೇಳಿ."

ಬಸಮ್ಮ ಎದ್ದು ಅಡುಗೆಮನೆಗೆ ನಡೆದರು. ಹಿಂದೆಯೇ ಹೋದ ಮೇಘಶ್ರೀ ತೆರೆದ ಫ್ರಿಡ್ಜಿನೊಳಗೆ ನೋಡಿದಳು. ಬಾಗಿಲ ಗೂಡಿನಲ್ಲಿ ಇಂಜೆಕ್ಷನ್ ಪೆನ್ನುಗಳು ಒಪ್ಪವಾಗಿ ಜೋಡಿಸಿಟ್ಟಂತೆಯೇ ಇದ್ದವು. ಒಂದನ್ನೂ ಒಯ್ದಿರಲಿಲ್ಲ.

"ಇನ್ಮೇಲೆ ಬೇಡ ಅಂದ್ರು ಡಾಕ್ಟ್ರು," ಬಸಮ್ಮನವರ ದನಿ ಈಗ ಕೇಳುವುದೇ ಕಷ್ಟವಾಗಿತ್ತು. "ನಿನ್ನೆ ಬೆಳಿಗ್ಗೆಯಿಂದ್ಲೇ ನಿಲ್ಲಿಸಿ ಅಂದ್ರು. ಆಪರೇಷನ್‌ಗೆ ಮುಂಚೆ ಮೈಯಲ್ಲಿ ಔಷಧಿ ಇರ್ಬಾರ್ದಂತೆ."

ಮೇಘಶ್ರೀಗೆ ಎಲ್ಲ ಅರ್ಥವಾಯಿತು. ಅವನು ಆ ಮಗುವಿನ ಮೇಲೆ ಕೈ ಎತ್ತಬೇಕಾಗಿಯೇ ಇಲ್ಲ. ಖಾಲಿ ಮನೆಯಲ್ಲಿ ಇನ್ಸುಲಿನ್ ಇಲ್ಲದೆ ಅವಳನ್ನು ಕೂರಿಸಿಕೊಂಡು ಸುಮ್ಮನೆ ಕಾಯುತ್ತಿದ್ದರೆ ಸಾಕು. ನಾಳೆ ಯಾರು ನೋಡಿದರೂ ಕಾಯಿಲೆಯಿಂದ ಸತ್ತಳು ಎನ್ನುತ್ತಾರೆ. ಅವಳು ಪೆನ್ನುಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡು, ಜೀಪು ತಿರುಗಿಸು ಎಂದು ಹೊರಗೆ ಕೂಗಿದಳು.

"ಬೆಳಿಗ್ಗೆ ಏನು ತಿಂದಿದಾಳೆ?" ಬಾಗಿಲು ದಾಟುತ್ತ ಕೇಳಿದಳು.

ಬಸಮ್ಮ ಫ್ರಿಡ್ಜಿನ ಬಾಗಿಲು ಹಿಡಿದೇ ನಿಂತಿದ್ದರು.

"ಹೋಳಿಗೆ. ಇವತ್ತಿಂದ ಏನು ಬೇಕಾದ್ರೂ ತಿನ್ಬಹುದು ಅಂದ್ರು ಡಾಕ್ಟ್ರು. ಅವಳು ಆಸೆ ಪಡ್ತಿದ್ಲು. ನಾನೇ ಮಾಡಿ, ಬೆಲ್ಲದ ಪಾಕ ಹಾಕಿ, ಕೈಯಾರೆ ತಿನ್ನಿಸಿ ಕಳಿಸಿದೆ."